ಪ್ರಾಗ್‌ನ ಬಾಲ ಯೇಸು

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಲ್ಲಿ ವಿಜಯಮಾತೆಯ ಹೆಸರಿನ ಚರ್ಚೊಂದಿದೆ. ಅಲ್ಲಿ ಗಾಜಿನ ಗೂಡಿನೊಳಗೆ ಬಾಲ ಯೇಸುವಿನ ಪ್ರತಿಮೆ ಇದೆ. ಎತ್ತರ ಒಂದು ಮೊಳ. ಮರದಿಂದ ಮಾಡಿ ಮೇಲೆ ಮೇಣ ಹೊದಿಸಿದ ಈ ಬಾಲಕ ಬಲಗೈ ಎತ್ತಿ ಹರಸುತ್ತಾನೆ. ಎಡಗೈಯಲ್ಲಿ ಶಿಲುಬೆಯುಳ್ಳ ಗೋಳ ಹಿಡಿದಿದ್ದಾನೆ. ಲೋಕವೆಲ್ಲ ಈ ಮಗುವಿನ ಕೈಯಲ್ಲಿದೆ ಎಂಬುದು ಆ ಗೋಳದ ಅರ್ಥ.

ಪ್ರತಿಮೆ ಹುಟ್ಟಿದ್ದು ಸ್ಪೇನ್‌ನಲ್ಲಿ, 16ನೇ ಶತಮಾನದಲ್ಲಿ. ಮರಿಯಾ ಮಾನ್ರಿಕೆ ದೆ ಲಾರಾ ಎಂಬ ಸ್ಪೇನಿನ ಹೆಣ್ಣುಮಗಳು ಪ್ರಾಗ್ ಇರುವ ಬೊಹಿಮಿಯಾ ಪ್ರಾಂತ್ಯದ ಶ್ರೀಮಂತ ಮನೆತನಕ್ಕೆ ಮದುವೆಯಾಗಿ ಬಂದಾಗ ಇದನ್ನು ತವರಿನಿಂದ ತಂದಳು. ಮುಂದೆ ಮಗಳು ಪೋಲಿಕ್ಸೆನಾಳಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟಳು. ಪೋಲಿಕ್ಸೆನಾ 1628ರಲ್ಲಿ ಅದನ್ನು ವಿಜಯಮಾತೆಯ ಚರ್ಚಿನ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗೆ ಒಪ್ಪಿಸಿದಳು. ಮನೆಯ ಭಕ್ತಿ ಊರಿನ ಭಕ್ತಿಯಾದದ್ದು ಹೀಗೆ.

ಆಗ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1631ರಲ್ಲಿ ಸ್ಯಾಕ್ಸನಿಯ ಸೈನ್ಯ ಪ್ರಾಗ್‌ಗೆ ನುಗ್ಗಿತು. ಸನ್ಯಾಸಿಗಳು ಊರು ಬಿಟ್ಟರು, ಮಠ ಲೂಟಿಯಾಯಿತು, ಎರಡೂ ಕೈ ಮುರಿದ ಪ್ರತಿಮೆ ಪೀಠದ ಹಿಂದಿನ ಕಸದ ರಾಶಿ ಸೇರಿತು. ವರ್ಷಗಟ್ಟಲೆ ಅದನ್ನು ಕೇಳುವವರೇ ಇರಲಿಲ್ಲ. 1637ರಲ್ಲಿ ಮಠಕ್ಕೆ ಮರಳಿದ ಫಾದರ್ ಸಿರಿಲ್ ಹುಡುಕಿ ಹೊರತೆಗೆದು, ಧೂಳು ಒರೆಸಿ, ಪ್ರಾರ್ಥನೆಯ ಕೋಣೆಯಲ್ಲಿಟ್ಟರು. ತನ್ನ ಕೈಗಳನ್ನು ಮರಳಿ ಕೊಟ್ಟರೆ ಶಾಂತಿ ಕೊಡುವೆನೆಂದು ಬಾಲ ಯೇಸು ನುಡಿದದ್ದು ಅವರಿಗೆ ಕೇಳಿಸಿತು ಎಂಬುದು ಪರಂಪರೆಯ ಕತೆ. ರಿಪೇರಿಗೆ ಮಠದಲ್ಲಿ ಹಣವಿರಲಿಲ್ಲ. ಕೈಗಳು ಕೂಡಿದ್ದು ದಾನಿಗಳ ನೆರವಿನಿಂದ. ಈ ಭಕ್ತಿಯ ಜೀವಾಳ ಇಲ್ಲೇ ಇದೆ: ಬಾಲ ಯೇಸುವನ್ನು ಜನ ದೊರೆಯೆಂದು ಗೌರವಿಸುವಷ್ಟೇ, ಆರೈಕೆ ಬೇಕಾದ ಮಗುವೆಂದೂ ಪ್ರೀತಿಸುತ್ತಾರೆ.

ಆ ಪ್ರೀತಿ ಉಡುಪಿನಲ್ಲಿ ಎದ್ದು ಕಾಣುತ್ತದೆ. 1655ರಲ್ಲಿ ಪ್ರತಿಮೆಗೆ ವಿಧಿಪೂರ್ವಕವಾಗಿ ಕಿರೀಟಧಾರಣೆಯಾಯಿತು. 1743ರಲ್ಲಿ ಸಾಮ್ರಾಜ್ಞಿ ಮರಿಯಾ ತೆರೇಸಾ ಕಸೂತಿಯ ನಿಲುವಂಗಿಯನ್ನು ಅರ್ಪಿಸಿದಳು. ಇಂದು ನಾನಾ ದೇಶಗಳ ಭಕ್ತರು ಕೊಟ್ಟ ನೂರಕ್ಕೂ ಹೆಚ್ಚು ಉಡುಪುಗಳಿವೆ. ಸನ್ಯಾಸಿನಿಯರು ಹಬ್ಬ ಮತ್ತು ಕಾಲಕ್ಕೆ ತಕ್ಕಂತೆ ಅವನ್ನು ಬದಲಿಸುತ್ತಾರೆ: ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೆ ನೇರಳೆ, ಸಾಮಾನ್ಯ ದಿನಗಳಿಗೆ ಹಸಿರು.

ಮೂಲ ಪ್ರತಿಮೆ ಪ್ರಾಗ್‌ನಲ್ಲೇ ಉಳಿಯಿತು, ಲೋಕ ಸುತ್ತಿದ್ದು ಅದರ ಪ್ರತಿರೂಪಗಳು. ಕಾರ್ಮೆಲ್ ಮಠಗಳು ಇದ್ದೆಡೆಯೆಲ್ಲ ಭಕ್ತಿ ಹಬ್ಬಿತು. ಆ ಸಭೆಗೆ ಸೇರಿದ ಫ್ರಾನ್ಸಿನ ಸಂತ ತೆರೇಸಾ ತನ್ನ ಸನ್ಯಾಸದ ಹೆಸರಿನಲ್ಲೇ ಬಾಲ ಯೇಸುವನ್ನು ಸೇರಿಸಿಕೊಂಡಿದ್ದಳು. ಇಟಲಿಯ ಅರೆಂಜಾನೋ ಪಟ್ಟಣದಲ್ಲಿ ದೊಡ್ಡ ಪುಣ್ಯಕ್ಷೇತ್ರವೇ ಎದ್ದಿತು. ಐರ್ಲೆಂಡಿನಲ್ಲಿ ಮದುವೆಯ ಮುನ್ನಾದಿನ ಮಳೆ ಬಾರದಿರಲೆಂದು ಬಾಲ ಯೇಸುವಿನ ಪ್ರತಿಮೆಯನ್ನು ಮನೆಯ ಹೊರಗಿಡುವ ರೂಢಿ ಬೆಳೆಯಿತು. ಅಮೆರಿಕದ ಒಕ್ಲಹೋಮಾ ರಾಜ್ಯಕ್ಕೆ ವಲಸೆ ಹೋದ ಚೆಕ್ ಜನ ತಮ್ಮ ಊರಿಗೆ ಪ್ರಾಗ್ ಎಂದೇ ಹೆಸರಿಟ್ಟರು. ಅಲ್ಲಿಯೂ ಬಾಲ ಯೇಸುವಿನ ರಾಷ್ಟ್ರೀಯ ಕ್ಷೇತ್ರವಿದೆ. 2009ರ ಸೆಪ್ಟೆಂಬರ್‌ನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಮೂಲ ಪ್ರತಿಮೆಯ ದರ್ಶನ ಪಡೆದು ಹೊಸ ಕಿರೀಟ ತೊಡಿಸಿದರು.

ಭಾರತದಲ್ಲಿ ನಾಸಿಕ್ ಮತ್ತು ಬೆಂಗಳೂರಿನ ಕ್ಷೇತ್ರಗಳು ಹೆಸರುವಾಸಿ. ಬೆಂಗಳೂರಿನ ವಿವೇಕನಗರದ ಬಾಲ ಯೇಸು ದೇವಾಲಯದಲ್ಲಿ ಗುರುವಾರ ವಿಶೇಷ ದಿನ. ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಪೂಜೆ, ನೊವೇನಾ ಪ್ರಾರ್ಥನೆ ನಡೆಯುತ್ತವೆ. ಪರೀಕ್ಷೆ ಬರೆಯುವ ಮಕ್ಕಳು, ಸಂತಾನಕ್ಕಾಗಿ ಹಂಬಲಿಸುವ ದಂಪತಿಗಳು, ಕೆಲಸ ಹುಡುಕುವ ತರುಣರು ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ಬರುವವರೆಲ್ಲ ಕ್ರೈಸ್ತರಲ್ಲ, ಹಿಂದೂಗಳೂ ಮುಸ್ಲಿಮರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೆಂಗಳೂರಿನ ಒಳ್ಳೆಯತನವನ್ನು ಇಷ್ಟು ಚೆನ್ನಾಗಿ ತೋರಿಸುವ ಜಾಗಗಳು ಕಡಿಮೆ. ದೇವಾಲಯದ ವಾರ್ಷಿಕ ಹಬ್ಬ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿಗೇ ಬರುತ್ತದೆ. ರಜೆಗೆ ಬೆಂಗಳೂರಿಗೆ ಬರುವ ಮಕ್ಕಳು ಒಂದು ಗುರುವಾರ ಅಲ್ಲಿಗೆ ಹೋಗಿ ನೋಡಬೇಕು.