ಕಾರ್ಲ್ ಜಾನ್‌ಸ್ಕಿ

ಕಾರ್ಲ್ ಗುಥೆ ಜಾನ್‌ಸ್ಕಿ (ಅಕ್ಟೋಬರ್ 22, 1905 – ಫೆಬ್ರವರಿ 14, 1950) ಅಮೆರಿಕದ ಭೌತವಿಜ್ಞಾನಿ ಹಾಗೂ ರೇಡಿಯೊ ಎಂಜಿನಿಯರ್. ಇವರನ್ನು ರೇಡಿಯೊ ಖಗೋಳವಿಜ್ಞಾನದ ಜನಕರಲ್ಲಿ ಒಬ್ಬರೆಂದು ಪರಿಗಣಿಸಲಾಗಿದೆ. ಸಾಗರದಾಚೆಗಿನ ರೇಡಿಯೊ ದೂರವಾಣಿಗೆ ತೊಡಕಾಗುತ್ತಿದ್ದ ಗದ್ದಲದ ಮೂಲವನ್ನು ಪತ್ತೆಹಚ್ಚುವ ಕೆಲಸದಲ್ಲಿ ತೊಡಗಿದ್ದಾಗ ಇವರು ನಮ್ಮ ಕ್ಷೀರಪಥದಿಂದ ಭೂಮಿಗೆ ಬಂದು ತಲುಪುವ ರೇಡಿಯೊ ತರಂಗಗಳನ್ನು ಗುರುತಿಸಿದರು. ಅದುವರೆಗೆ ಬೆಳಕಿನ ಮೂಲಕ ಮಾತ್ರ ಅರಿಯಲ್ಪಡುತ್ತಿದ್ದ ಆಕಾಶವನ್ನು ರೇಡಿಯೊ ತರಂಗಗಳ ಮೂಲಕವೂ ಅರಿಯಬಹುದೆಂಬುದು ಈ ಶೋಧದಿಂದ ತಿಳಿದುಬಂದಿತು.

ಜನನ ಮತ್ತು ಮನೆತನ

ಜಾನ್‌ಸ್ಕಿಯವರು ಅಂದಿನ ಓಕ್ಲಹೋಮ ಪ್ರಾಂತ್ಯದ ನಾರ್ಮನ್ ಪಟ್ಟಣದಲ್ಲಿ ಜನಿಸಿದರು. ತಂದೆ ಸಿರಿಲ್ ಜಾನ್‌ಸ್ಕಿ ಚೆಕ್ ಮೂಲದ ವಲಸಿಗರ ಕುಟುಂಬಕ್ಕೆ ಸೇರಿದವರು. ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಬೋಧಿಸುತ್ತಿದ್ದರು. ತಮ್ಮ ಗುರುಗಳಾಗಿದ್ದ ಭೌತವಿಜ್ಞಾನಿ ಕಾರ್ಲ್ ಗುಥೆ ಅವರ ಮೇಲಿನ ಗೌರವದಿಂದ ಮಗನಿಗೆ ಅವರ ಹೆಸರನ್ನೇ ಇಟ್ಟರು. ಮುಂದೆ ಸಿರಿಲ್ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಕಾರ್ಲ್ ಅವರ ಹಿರಿಯ ಸಹೋದರ ಕೂಡ ಹೆಸರಾಂತ ರೇಡಿಯೊ ಎಂಜಿನಿಯರ್ ಆಗಿದ್ದರು.

ವಿದ್ಯಾಭ್ಯಾಸ ಮತ್ತು ಉದ್ಯೋಗ

ಜಾನ್‌ಸ್ಕಿಯವರು 1927ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲಿ ಐಸ್ ಹಾಕಿ ಆಟಗಾರರಾಗಿದ್ದರು. ಅದೇ ವಯಸ್ಸಿನಲ್ಲಿ ಅವರಿಗೆ ಬ್ರೈಟ್ಸ್ ಕಾಯಿಲೆ ಎಂಬ ಮೂತ್ರಪಿಂಡದ ರೋಗ ತಗುಲಿತು. ಈ ರೋಗ ಜೀವನಪರ್ಯಂತ ಅವರನ್ನು ಬಾಧಿಸಿತು.

1928ರಲ್ಲಿ ಅವರು ಬೆಲ್ ದೂರವಾಣಿ ಪ್ರಯೋಗಾಲಯವನ್ನು ಸೇರಿದರು. ಆರೋಗ್ಯದ ದೃಷ್ಟಿಯಿಂದ ಅವರನ್ನು ನ್ಯೂಯಾರ್ಕ್ ನಗರದಲ್ಲಿ ಇರಿಸದೆ ನ್ಯೂಜೆರ್ಸಿಯ ಗ್ರಾಮಾಂತರ ಪ್ರದೇಶವಾದ ಕ್ಲಿಫ್‌ವುಡ್ ಕೇಂದ್ರಕ್ಕೆ ನಿಯೋಜಿಸಲಾಯಿತು. 1930ರಲ್ಲಿ ಆ ಕೇಂದ್ರವು ಸಮೀಪದ ಹೋಮ್‌ಡೆಲ್‌ಗೆ ಸ್ಥಳಾಂತರಗೊಂಡಿತು. ನಗರದ ವಿದ್ಯುತ್ ಗದ್ದಲದಿಂದ ದೂರವಿದ್ದ ಈ ಬಯಲು ಪ್ರದೇಶ ಅವರ ಸಂಶೋಧನೆಗೂ ಅನುಕೂಲಕರವಾಯಿತು. 1929ರಲ್ಲಿ ಅವರ ವಿವಾಹವಾಯಿತು. ದಂಪತಿಗೆ ಇಬ್ಬರು ಮಕ್ಕಳು.

ಸಂಶೋಧನೆಯ ಹಿನ್ನೆಲೆ

ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೊ ದೂರವಾಣಿ ಸೇವೆ 1927ರಲ್ಲಿ ಆರಂಭವಾಯಿತು. ಮೊದಲು ದೀರ್ಘ ತರಂಗಗಳನ್ನು ಬಳಸುತ್ತಿದ್ದ ಈ ಸೇವೆಗೆ ಅನಂತರ ಹ್ರಸ್ವ ತರಂಗಗಳನ್ನೂ ಅಳವಡಿಸಲಾಯಿತು. ಆದರೆ ಕರೆಗಳ ನಡುವೆ ಚಟಪಟ ಸದ್ದು ಮತ್ತು ಮೊರೆತ ಕೇಳಿಬಂದು ಮಾತು ಅಸ್ಪಷ್ಟವಾಗುತ್ತಿತ್ತು. ಈ ಗದ್ದಲ ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿದರೆ, ಆ ದಿಕ್ಕಿನ ತರಂಗಗಳನ್ನು ಸ್ವೀಕರಿಸದಂತಹ ಆಂಟೆನಾಗಳನ್ನು ರಚಿಸಬಹುದಾಗಿತ್ತು. ಹೆರಾಲ್ಡ್ ಫ್ರೀಸ್ ಅವರ ಮೇಲ್ವಿಚಾರಣೆಯಲ್ಲಿ ಈ ಪರಿಶೀಲನೆಯ ಹೊಣೆಯನ್ನು ಜಾನ್‌ಸ್ಕಿಯವರಿಗೆ ವಹಿಸಲಾಯಿತು.

ಆಂಟೆನಾ ಮತ್ತು ಗ್ರಾಹಕ

ಜಾನ್‌ಸ್ಕಿಯವರು ಮರದ ಚೌಕಟ್ಟಿನ ಮೇಲೆ ಲೋಹದ ಕೊಳವೆಗಳನ್ನು ಜೋಡಿಸಿ ಸುಮಾರು 30 ಮೀಟರ್ ಉದ್ದ ಮತ್ತು 6 ಮೀಟರ್ ಎತ್ತರದ ಆಂಟೆನಾವೊಂದನ್ನು ನಿರ್ಮಿಸಿದರು. ಅದು ಫೋರ್ಡ್ ಮಾಡೆಲ್-ಟಿ ಕಾರಿನ ನಾಲ್ಕು ಚಕ್ರಗಳ ಮೇಲೆ ನಿಂತು ಪ್ರತಿ 20 ನಿಮಿಷಕ್ಕೊಮ್ಮೆ ಒಂದು ಸುತ್ತು ತಿರುಗುತ್ತಿತ್ತು. ಸಹೋದ್ಯೋಗಿಗಳು ಅದನ್ನು ಜಾತ್ರೆಯ ತಿರುಗುಕುದುರೆಗೆ ಹೋಲಿಸಿ ತಮಾಷೆ ಮಾಡುತ್ತಿದ್ದರು. ಆಂಟೆನಾವನ್ನು 20.5 ಮೆಗಾಹರ್ಟ್ಜ್ ಆವರ್ತನಕ್ಕೆ, ಅಂದರೆ 14.6 ಮೀಟರ್ ತರಂಗಾಂತರಕ್ಕೆ ಹೊಂದಿಸಲಾಗಿತ್ತು.

ಆಂಟೆನಾ ಸ್ವೀಕರಿಸಿದ ತರಂಗಗಳು ಸಮೀಪದಲ್ಲಿದ್ದ ಗ್ರಾಹಕ ಯಂತ್ರವನ್ನು ತಲುಪುತ್ತಿದ್ದವು. ಇದು ಸೂಪರ್‌ಹೆಟರೊಡೈನ್ ಮಾದರಿಯದು. ಈ ಮಾದರಿಯಲ್ಲಿ ಒಳಬಂದ ತರಂಗವನ್ನು ಗ್ರಾಹಕದಲ್ಲಿಯೇ ಉತ್ಪಾದಿಸಿದ ಮತ್ತೊಂದು ತರಂಗದೊಡನೆ ಬೆರೆಸಿ, ನಿಗದಿತವಾದ ಒಂದು ಮಧ್ಯಂತರ ಆವರ್ತನಕ್ಕೆ ಇಳಿಸಲಾಗುತ್ತದೆ. ಬಳಿಕ ಫಿಲ್ಟರ್ ಮಂಡಲವು ಜರಡಿಯಂತೆ ಕೆಲಸ ಮಾಡಿ, ಕಿರಿದಾದ ಒಂದು ಪಟ್ಟಿಯಷ್ಟನ್ನು ಮಾತ್ರ ಮುಂದಕ್ಕೆ ಬಿಡುತ್ತದೆ. ಜಾನ್‌ಸ್ಕಿಯವರ ಗ್ರಾಹಕದಲ್ಲಿ ಈ ಪಟ್ಟಿಯ ಅಗಲ 26 ಕಿಲೋಹರ್ಟ್ಜ್ ಆಗಿತ್ತು. ಪಟ್ಟಿ ಅತಿಯಾಗಿ ಅಗಲವಾದರೆ ಅಕ್ಕಪಕ್ಕದ ರೇಡಿಯೊ ಕೇಂದ್ರಗಳ ಸಂಕೇತ ಒಳನುಗ್ಗುತ್ತದೆ. ಅತಿಯಾಗಿ ಕಿರಿದಾದರೆ ಅಳೆಯಬೇಕಾದ ಗದ್ದಲದ ಶಕ್ತಿಯೇ ಕುಗ್ಗುತ್ತದೆ. ಗದ್ದಲದ ಪ್ರಮಾಣವನ್ನು ಲೇಖನಿಯೊಂದು ಸುರುಳಿ ಕಾಗದದ ಮೇಲೆ ನಿರಂತರವಾಗಿ ಗುರುತಿಸುತ್ತಿತ್ತು.

ಗದ್ದಲವನ್ನು ಬೇರ್ಪಡಿಸಿದ ಬಗೆ

ದಾಖಲೆಗಳನ್ನು ಪರಿಶೀಲಿಸಿದ ಜಾನ್‌ಸ್ಕಿಯವರು ಗದ್ದಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಸಮೀಪದ ಗುಡುಗು-ಸಿಡಿಲಿನಿಂದ ಬರುವಂಥದ್ದು. ಎರಡನೆಯದು ದೂರದ ಗುಡುಗು-ಸಿಡಿಲಿನಿಂದ ಬರುವಂಥದ್ದು. ಮೂರನೆಯದು ಏರಿಳಿತವಿಲ್ಲದ, ಬಹಳ ಕ್ಷೀಣವಾದ ಮೊರೆತ. ಇದರ ಮೂಲ ತಿಳಿದಿರಲಿಲ್ಲ.

ಈ ಮೊರೆತವು ಗ್ರಾಹಕ ಯಂತ್ರದ ಒಳಗೇ ಹುಟ್ಟುವ ಸದ್ದನ್ನು ಬಹುಮಟ್ಟಿಗೆ ಹೋಲುತ್ತಿತ್ತು. ಇವೆರಡೂ ಎಲ್ಲ ಆವರ್ತನಗಳಿಗೂ ಹರಡಿಕೊಂಡಿರುವುದರಿಂದ ಫಿಲ್ಟರ್‌ನಿಂದ ಅವನ್ನು ಬೇರ್ಪಡಿಸಲಾಗದು. ಇಲ್ಲಿ ಆಂಟೆನಾದ ತಿರುಗುವಿಕೆ ನೆರವಿಗೆ ಬಂದಿತು. ಯಂತ್ರದ ಸದ್ದು ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿದರೂ ಬದಲಾಗುವುದಿಲ್ಲ. ಆದರೆ ಕಾಗದದ ಮೇಲಿನ ಗೆರೆ ಪ್ರತಿ 20 ನಿಮಿಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಆದುದರಿಂದ ಮೊರೆತವು ಹೊರಗಿನದು ಹಾಗೂ ನಿರ್ದಿಷ್ಟ ದಿಕ್ಕಿನದು ಎಂಬುದು ಸ್ಪಷ್ಟವಾಯಿತು.

1932ರ ಆರಂಭದಲ್ಲಿ ಈ ದಿಕ್ಕು ಸೂರ್ಯನ ದಿಕ್ಕಿಗೆ ಹೊಂದಿಕೆಯಾಗುತ್ತಿದ್ದುದರಿಂದ ಸೂರ್ಯನೇ ಅದರ ಮೂಲವಿರಬಹುದೆಂದು ತೋರಿತು. ಆದರೆ ತಿಂಗಳುಗಳು ಕಳೆದಂತೆ ಮೊರೆತದ ಮೂಲ ಸೂರ್ಯನಿಂದ ದೂರ ಸರಿಯುತ್ತಾ ಹೋಯಿತು. ಖಗೋಳವಿಜ್ಞಾನ ಬಲ್ಲ ಸಹೋದ್ಯೋಗಿ ಸ್ಕೆಲೆಟ್ ಅವರೊಡನೆ ನಡೆಸಿದ ಚರ್ಚೆ ಈ ಹಂತದಲ್ಲಿ ನೆರವಾಯಿತು. ಸೂರ್ಯನನ್ನು ಆಧರಿಸಿದ ದಿನ 24 ಗಂಟೆಗಳದ್ದು. ನಕ್ಷತ್ರಗಳನ್ನು ಆಧರಿಸಿದ ದಿನ 23 ಗಂಟೆ 56 ನಿಮಿಷಗಳದ್ದು. ದಿನಕ್ಕೆ ನಾಲ್ಕು ನಿಮಿಷಗಳ ಈ ವ್ಯತ್ಯಾಸ ತಿಂಗಳಿಗೆ ಎರಡು ಗಂಟೆಯಾಗಿ, ವರ್ಷಕ್ಕೆ ಒಂದು ಪೂರ್ಣ ದಿನವಾಗುತ್ತದೆ. ಇಡೀ ವರ್ಷದ ದಾಖಲೆಗಳನ್ನು ಹೋಲಿಸಿದಾಗ ಮೊರೆತವು ನಕ್ಷತ್ರ ದಿನವನ್ನೇ ಅನುಸರಿಸುತ್ತಿದ್ದುದು ಖಚಿತವಾಯಿತು. ಅದರ ಮೂಲ ಸೌರಮಂಡಲದ ಆಚೆ, ಕ್ಷೀರಪಥದ ಕೇಂದ್ರವಿರುವ ಧನು ರಾಶಿಯ ಕಡೆಗಿತ್ತು. ಡಿಸೆಂಬರ್-ಜನವರಿಯಲ್ಲಿ ಸೂರ್ಯನೂ ಆ ದಿಕ್ಕಿನ ಸಮೀಪದಲ್ಲಿಯೇ ಕಾಣುವುದರಿಂದ ಮೊದಲ ಊಹೆ ಸಹಜವಾಗಿಯೇ ತಪ್ಪಿತ್ತು.

ಆ ವರ್ಷಗಳಲ್ಲಿ ಸೂರ್ಯನ ಚಟುವಟಿಕೆ ಕನಿಷ್ಠ ಮಟ್ಟದಲ್ಲಿದ್ದುದೂ ಅನುಕೂಲವಾಯಿತು. ರಾತ್ರಿಯ ಅಯಾನುಗೋಳ 20.5 ಮೆಗಾಹರ್ಟ್ಜ್ ತರಂಗಗಳಿಗೆ ದಾರಿ ಬಿಟ್ಟಿತ್ತು. ಸೂರ್ಯನ ರೇಡಿಯೊ ಸ್ಫೋಟಗಳೂ ಅಡ್ಡಬರಲಿಲ್ಲ.

ಪ್ರಕಟಣೆ ಮತ್ತು ಪ್ರತಿಕ್ರಿಯೆ

ಜಾನ್‌ಸ್ಕಿಯವರು 1933ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಸಭೆಯಲ್ಲಿ ತಮ್ಮ ಶೋಧವನ್ನು ಮಂಡಿಸಿದರು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಮುಖಪುಟದಲ್ಲಿ ವರದಿ ಮಾಡಿತು. ಅದೇ ತಿಂಗಳು ರೇಡಿಯೊ ಪ್ರಸಾರವೊಂದರಲ್ಲಿ ಸಾರ್ವಜನಿಕರಿಗೂ ಈ ಮೊರೆತವನ್ನು ಕೇಳಿಸಲಾಯಿತು. ಮೊರೆತವು ಕ್ಷೀರಪಥದ ಉದ್ದಕ್ಕೂ ಬರುತ್ತದೆ, ಕೇಂದ್ರದ ಕಡೆಯಿಂದ ಹೆಚ್ಚು ಪ್ರಬಲವಾಗಿ ಬರುತ್ತದೆ ಎಂದು ಅವರು 1935ರ ಲೇಖನದಲ್ಲಿ ನಿರೂಪಿಸಿದರು.

ಆದರೆ ಖಗೋಳವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ರೇಡಿಯೊ ತಂತ್ರಜ್ಞಾನದ ಪರಿಚಯವಿರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಹೊಸ ಕ್ಷೇತ್ರಕ್ಕೆ ಹಣ ಒದಗಿಸಲು ಸಂಸ್ಥೆಗಳೂ ಮುಂದಾಗಲಿಲ್ಲ. ಬೆಲ್ ಪ್ರಯೋಗಾಲಯಕ್ಕೆ ಬೇಕಾಗಿದ್ದ ಉತ್ತರ ದೊರೆತಿದ್ದುದರಿಂದ ಜಾನ್‌ಸ್ಕಿಯವರನ್ನು ಬೇರೆ ಕೆಲಸಗಳಿಗೆ ನಿಯೋಜಿಸಲಾಯಿತು. ಸಂಶೋಧನೆ ಮುಂದುವರಿಸುವ ಬಯಕೆ ಅವರಿಗಿತ್ತೇ ಎಂಬ ವಿಷಯದಲ್ಲಿ ಮುಂದೆ ಅವರ ಸಹೋದರ ಮತ್ತು ಫ್ರೀಸ್ ಭಿನ್ನ ಅಭಿಪ್ರಾಯಗಳನ್ನು ಪ್ರಕಟಿಸಿದರು.

ನಂತರದ ಜೀವನ ಮತ್ತು ನಿಧನ

1936ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಸ್ನಾತಕೋತ್ತರ ಪದವಿ ನೀಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರು ಜಲಾಂತರ್ಗಾಮಿಗಳ ರೇಡಿಯೊ ಸಂಕೇತದ ದಿಕ್ಕನ್ನು ಗುರುತಿಸುವ ಉಪಕರಣಗಳ ಅಭಿವೃದ್ಧಿಗೆ ಶ್ರಮಿಸಿ ಪ್ರಶಂಸೆಗೆ ಪಾತ್ರರಾದರು. ಮೂತ್ರಪಿಂಡದ ಕಾಯಿಲೆಯಿಂದ ಅವರ ಆರೋಗ್ಯ ಕ್ಷೀಣಿಸಿತು. 1950ರ ಫೆಬ್ರವರಿ 14ರಂದು ನ್ಯೂಜೆರ್ಸಿಯ ರೆಡ್ ಬ್ಯಾಂಕ್‌ನಲ್ಲಿ ತಮ್ಮ 44ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಆರಂಭಿಸಿದ ವಿಜ್ಞಾನ ಶಾಖೆಯ ಪೂರ್ಣ ಬೆಳವಣಿಗೆಯನ್ನು ಕಾಣುವ ಅವಕಾಶ ಅವರಿಗೆ ಲಭಿಸಲಿಲ್ಲ.

ಪ್ರಭಾವ

ಜಾನ್‌ಸ್ಕಿಯವರ ಲೇಖನಗಳಿಂದ ಪ್ರೇರಿತರಾದ ಗ್ರೋಟ್ ರೀಬರ್ 1937ರಲ್ಲಿ ಇಲಿನಾಯ್ ರಾಜ್ಯದ ವೀಟನ್ ಊರಿನಲ್ಲಿದ್ದ ತಮ್ಮ ಮನೆಯ ಅಂಗಳದಲ್ಲಿ ಸುಮಾರು 9.5 ಮೀಟರ್ ವ್ಯಾಸದ ಬಟ್ಟಲಾಕಾರದ ದೂರದರ್ಶಕವನ್ನು ನಿರ್ಮಿಸಿದರು. ಹಗಲಿನಲ್ಲಿ ಓಡಾಡುವ ಕಾರುಗಳ ಕಿಡಿಯಿಂದ ಗದ್ದಲ ಉಂಟಾಗುತ್ತಿದ್ದುದರಿಂದ ಅವರು ರಾತ್ರಿಯ ವೇಳೆ ವೀಕ್ಷಣೆ ನಡೆಸಿ, 160 ಮೆಗಾಹರ್ಟ್ಜ್‌ನಲ್ಲಿ ಕ್ಷೀರಪಥದ ತರಂಗಗಳನ್ನು ದೃಢಪಡಿಸಿದರು. ಮೂರು ದಶಕಗಳ ಬಳಿಕ ಹೋಮ್‌ಡೆಲ್‌ನಲ್ಲಿಯೇ ಪೆನ್ಜಿಯಸ್ ಮತ್ತು ವಿಲ್ಸನ್ ತಮ್ಮ ಗ್ರಾಹಕದ ವಿವರಿಸಲಾಗದ ಗದ್ದಲವನ್ನು ಇದೇ ರೀತಿ ಬೆನ್ನಟ್ಟಿ ವಿಶ್ವದ ಹಿನ್ನೆಲೆ ವಿಕಿರಣವನ್ನು ಕಂಡುಹಿಡಿದರು; 1978ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಕರ್ನಾಟಕದ ಗೌರಿಬಿದನೂರು ಸಮೀಪದ ರೇಡಿಯೊ ವೀಕ್ಷಣಾಲಯವೂ ಜಾನ್‌ಸ್ಕಿ ಬಳಸಿದಂತಹ ದೀರ್ಘ ತರಂಗಾಂತರಗಳ ವ್ಯಾಪ್ತಿಗೆ ಸೇರುವ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶ ಸಮೀಕ್ಷೆ ನಡೆಸಿದೆ.

ಗೌರವ ಮತ್ತು ಸ್ಮರಣೆ

1973ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಆಕಾಶಕಾಯಗಳಿಂದ ಬರುವ ರೇಡಿಯೊ ಶಕ್ತಿಯ ಸಾಂದ್ರತೆಯನ್ನು ಅಳೆಯುವ ಮಾನಕ್ಕೆ ಜಾನ್‌ಸ್ಕಿ ಎಂಬ ಹೆಸರನ್ನು ಸ್ವೀಕರಿಸಿತು. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ ಅವರ ಆಂಟೆನಾದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಇರಿಸಲಾಗಿದೆ. 1998ರಲ್ಲಿ ಹೋಮ್‌ಡೆಲ್‌ನ ಮೂಲ ಸ್ಥಳದಲ್ಲಿ ಸ್ಮಾರಕವನ್ನು ಸ್ಥಾಪಿಸಲಾಯಿತು. ನ್ಯೂಮೆಕ್ಸಿಕೊದಲ್ಲಿರುವ ಬೃಹತ್ ರೇಡಿಯೊ ದೂರದರ್ಶಕ ಸಮೂಹಕ್ಕೆ 2012ರಲ್ಲಿ ಕಾರ್ಲ್ ಜಿ. ಜಾನ್‌ಸ್ಕಿ ಅವರ ಹೆಸರಿಡಲಾಯಿತು.