ಸರ್ ಎಂ.ವಿ. ಅವರ ಬದುಕು ಮತ್ತು ಮೂರು ಬಗೆಯ ನೆನಪು

ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ನಿಮಗೆ ಹೊಸಬರಲ್ಲ. ಆದರೆ ನೆನಪು ಒಂದೇ ಬಗೆಯದಲ್ಲ ಎಂದು ಮನಃಶಾಸ್ತ್ರ ಹೇಳುವುದಕ್ಕೆ ಅವರ ಬದುಕೇ ಒಳ್ಳೆಯ ಉದಾಹರಣೆ.

ಚಿಕ್ಕಬಳ್ಳಾಪುರದ ಶಾಲೆಯಲ್ಲಿ, ಆಮೇಲೆ ಬೆಂಗಳೂರು, ಪುಣೆಗಳಲ್ಲಿ ಅವರು ಕಲಿತ ಗಣಿತ, ವಿಜ್ಞಾನಗಳು ವಿಷಯದ ನೆನಪು. ಪರೀಕ್ಷೆಗೆಂದು ನೀವು ಕಂಠಪಾಠ ಮಾಡುವುದೂ ಬಹುಪಾಲು ಇದನ್ನೇ. ಅಳತೆ ಮಾಡುವುದು, ನಕ್ಷೆ ಬರೆಯುವುದು ಮಾಡಿ ಮಾಡಿ ಕೈಗೆ ಕೂಡಿಬರುವ ಕೌಶಲದ ನೆನಪು. ಸೈಕಲ್ ತುಳಿದಂತೆ, ಓದಿ ಬರುವುದಲ್ಲ.

1908ರ ಮೂಸಿ ನದಿಯ ಪ್ರವಾಹದಲ್ಲಿ ಹೈದರಾಬಾದಿನ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಇವರನ್ನು ಕರೆಸಿತು. ಆಗ ಈ ಎರಡೂ ನೆನಪುಗಳು ಒಟ್ಟಿಗೆ ಕೆಲಸಕ್ಕೆ ಬಂದವು. ನಗರದ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ.

ಮೂರನೆಯದು ಅನುಭವದ ನೆನಪು: ಯಾವಾಗ, ಎಲ್ಲಿ, ಏನು ನಡೆಯಿತು ಎಂಬುದು. ವಯಸ್ಸಾದಂತೆ ಸಾಮಾನ್ಯವಾಗಿ ಹೆಚ್ಚು ಸವೆಯುವುದು ಇದೇ. ಸರ್ ಎಂ.ವಿ. ಅವರಾದರೋ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಹೊರತಂದದ್ದು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ! 1962ರಲ್ಲಿ ತೀರಿಕೊಂಡ ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ. ನಂದಿ ಬೆಟ್ಟಕ್ಕೆ ಹೋದಾಗ ಅಲ್ಲಿಗೂ ಹೋಗಿಬನ್ನಿ.