ಕಿಟ್ಟೆಲ್ ಅಯ್ಯನವರ ಜೀವಿತ

ಕನ್ನಡ ಮಾತಿನ ಸೇವೆಯಲ್ಲಿ ತಮ್ಮ ಆಯುಸ್ಸನ್ನು ಸವೆಸಿದ ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಶಬ್ದಗಳನ್ನು ಕೂಡಿಸುವದೂ ಪದ್ಯಗಳನ್ನು ಕಟ್ಟುವದೂ ದೇವರ ಸೇವೆಯಾಗಬಲ್ಲದೋ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಿರಿ.

ಇವರು 1832ನೆಯ ಇಸವಿ ಏಪ್ರಿಲ್ 7ರಂದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಲ್ಲಿ ಸಭಾಪಾಲಕರ ಮಗನಾಗಿ ಹುಟ್ಟಿದರು. ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯಲ್ಲಿ ಕಲಿತು, 1853ರಲ್ಲಿ ಸುವಾರ್ತಿಕರಾಗಿ ನಮ್ಮ ದೇಶಕ್ಕೆ ಬಂದು, ಧಾರವಾಡದಲ್ಲಿ ಕೆಲಸಕ್ಕೆ ತೊಡಗಿದರು. ಜನರ ಹೃದಯವನ್ನು ಮುಟ್ಟಬೇಕಾದರೆ ಜನರ ಮಾತನ್ನೂ ಅವರ ಹಾಡನ್ನೂ ನಡೆನುಡಿಯನ್ನೂ ಅರಿಯಬೇಕೆಂದು ತಿಳಿದು, ಹಳ್ಳಿಗರ ನಡುವೆ ತಿರುಗಾಡಿ, ಪಂಡಿತರ ಬಳಿಯಲ್ಲಿ ಹಳಗನ್ನಡ ಗ್ರಂಥಗಳನ್ನು ಅಭ್ಯಾಸಮಾಡಿದರು. ಮಿಶನಿನ ಹಿರಿಯರಲ್ಲಿ ಕೆಲವರಿಗೆ ಇದು ಸರಿಬೀಳಲಿಲ್ಲ. ಸಾರುವದಕ್ಕಾಗಿ ಬಂದವನು ಗ್ರಂಥಗಳಲ್ಲಿ ಮುಳುಗುವದೇಕೆಂದು ಅವರು ಶಂಕಿಸಿದರು. ಆದಾಗ್ಯೂ ಅಯ್ಯನವರು ತಾವು ಹಿಡಿದ ನೇಗಿಲನ್ನು ಬಿಡಲಿಲ್ಲ.

1860ರಲ್ಲಿ ಇವರು ಪೌಲೀನ್ ಎಂಬಾಕೆಯನ್ನು ವಿವಾಹವಾದರು. 1862ರಲ್ಲಿ ಕಥಾಮಾಲೆ ಎಂಬ ಕಾವ್ಯವನ್ನು ಪ್ರಕಟಿಸಿದರು. ಕ್ರಿಸ್ತನ ಜೀವಿತವನ್ನು ಪರದೇಶದ ರಾಗಗಳಿಗೆ ಹೊಂದಿಸದೆ, ಈ ದೇಶದ ಸಂಗೀತಕ್ಕೆ ಒಪ್ಪುವಂತೆ ಅದರಲ್ಲಿ ಹಾಡಿದರು. ಆದರೆ ಮದುವೆಯಾದ ಕೆಲವೇ ವರುಷಗಳಲ್ಲಿ ಪೌಲೀನಮ್ಮನವರು ತೀರಿಕೊಂಡರು. ಆ ದುಃಖದ ಭಾರವನ್ನು ಹೊತ್ತವರೇ ಬಲ್ಲರು. ಕಾಲಾನಂತರದಲ್ಲಿ ಆಕೆಯ ತಂಗಿಯಾದ ಜೂಲಿಯಮ್ಮನವರು ಇವರ ಮನೆಯನ್ನು ತುಂಬಿದರು. ಅಯ್ಯನವರು ಪುನಃ ಲೇಖಣಿಯನ್ನು ಹಿಡಿದರು.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚುಮಾಡಿಸಿದರು. ಸುಮಾರು ಇಪ್ಪತ್ತು ವರುಷಗಳ ದುಡಿಮೆಯ ಫಲವಾಗಿ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಇವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಇವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಸನ್ಮಾನಿಸಿತು. ಆ ಮೇಲೆಯೂ ವಿಶ್ರಮಿಸದೆ ಕನ್ನಡ ವ್ಯಾಕರಣವನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಇವರ ಉಪದೇಶದಿಂದ ದೊಡ್ಡ ಸಭೆಗಳು ಕೂಡಿಬರಲಿಲ್ಲ. ಲೆಕ್ಕ ನೋಡುವವರು ಇವರ ಕೈ ಬರಿದೆಂದು ಹೇಳಾರು. ಆದರೆ ಬಿತ್ತುವವನು ತೆನೆಯನ್ನು ತಾನೇ ಕೊಯ್ಯಬೇಕೆಂಬ ಕಟ್ಟಳೆಯಿಲ್ಲ. ಕ್ರೈಸ್ತರೂ ಜೈನರೂ ಲಿಂಗಾಯತರೂ ಬ್ರಾಹ್ಮಣರೂ ಇವರ ನಿಘಂಟನ್ನು ಸಮಾನವಾಗಿ ಆದರಿಸಿದ್ದಾರೆ. ಒಬ್ಬ ಸುವಾರ್ತಿಕನ ಪ್ರೀತಿಯು ಇಡೀ ನಾಡಿನ ಸೊತ್ತಾಯಿತು.

ನಮ್ಮ ಕುರಕುಂಟಾ ಇರುವ ಸೇಡಂ ತಾಲೂಕಿನಲ್ಲಿಯೇ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವಿದೆ. ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ, ಸಾವಿರ ವರುಷಗಳಿಗೂ ಹಿಂದೆ, ಕವಿರಾಜಮಾರ್ಗ ಹುಟ್ಟಿತು. ಅಂಥ ಕವಿಗಳ ನುಡಿಯನ್ನು ಹುಡುಕಿದ ಕಿಟ್ಟೆಲ್ ಅಯ್ಯನವರು ಒಕ್ಕಲಿಗನ ಗಾದೆಯನ್ನು ಕಡೆಗಣಿಸಲಿಲ್ಲ. ಅರಮನೆಯ ಮಾತಿಗೂ ಹೊಲದ ಮಾತಿಗೂ ಒಂದೇ ಪುಸ್ತಕದಲ್ಲಿ ಸ್ಥಳ ಕೊಟ್ಟರು.

ಇಲ್ಲಿ ನಮ್ಮ ತಪ್ಪೊಂದನ್ನು ಅರಿಕೆಮಾಡಿಕೊಳ್ಳುತ್ತೇವೆ. ಸೆಮಿನರಿಯಿಂದ ಬಂದ ಹೊಸದರಲ್ಲಿ, ಸಭೆಯ ತಾಯಂದಿರು ತಮ್ಮ ಮನೆಮಾತಿನಲ್ಲಿ ಪ್ರಾರ್ಥಿಸಿದರೆ, ಅದು ಗ್ರಂಥದ ಭಾಷೆಯಲ್ಲವೆಂದು ನಾವು ತಿದ್ದುತ್ತಿದ್ದೆವು. ಕ್ರಮೇಣ ಅವರು ಸಭೆಯಲ್ಲಿ ಬಾಯಿ ತೆರೆಯುವದನ್ನೇ ಬಿಟ್ಟರು. ಈ ನಿಘಂಟನ್ನು ತೆರೆದು, ನಾವು ಹೀನವೆಂದೆಣಿಸಿದಂಥ ಮಾತುಗಳನ್ನು ಪರದೇಶದವರೊಬ್ಬರು ಒಂದೊಂದಾಗಿ ಆರಿಸಿ ಜೋಪಾನಮಾಡಿದ್ದನ್ನು ಕಂಡಾಗ ನಮಗೆ ನಾಚಿಕೆಯಾಯಿತು. ಮರುವಾರ ನಾವೇ ಆ ತಾಯಂದಿರನ್ನು ಕೇಳಿಕೊಂಡು ಪ್ರಾರ್ಥನೆ ಮಾಡಿಸಿದೆವು.

ಆದಕಾರಣ ಪ್ರಿಯರೇ, ನಿಮ್ಮ ಬಾಯಲ್ಲಿರುವ ಮಾತು ದೇವರ ಮುಂದೆ ತರಲು ಯೋಗ್ಯವೋ ಎಂದು ಅಂಜಬೇಡಿರಿ. ಪ್ರೀತಿಯಿಂದ ಆಡಿದ ಮಾತು, ಪ್ರೀತಿಯಿಂದ ಕಟ್ಟಿದ ಹಾಡು, ಎರಡೂ ಆತನಿಗೆ ಸಲ್ಲುವ ಕಾಣಿಕೆಗಳೇ. ಕಿಟ್ಟೆಲ್ ಅಯ್ಯನವರು ತಮ್ಮ ಕಾಣಿಕೆಯನ್ನು ಸಲ್ಲಿಸಿ ಹೋದರು. ನಮ್ಮದನ್ನು ನಾವು ತರೋಣ.